ಮೂಲ ಹಾಳೆ ಎಲ್ಲಿದೆ?

ಸಂಶೋಧನಾ ಪ್ರಬಂಧದ ಕೊನೆಯಲ್ಲಿರುವ ಅಂಕಿಯನ್ನು ಎಲ್ಲರೂ ಓದುತ್ತಾರೆ. ಅದು ಯಾವ ಲೆಕ್ಕದಿಂದ ಬಂತು ಎಂದು ಕೇಳುವವರು ಕಡಿಮೆ. ಹಾಗೆ ಕೇಳಿದ ವಿದ್ಯಾರ್ಥಿಯೊಬ್ಬನ ಕಥೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು.

2010ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಒಂದು ಪ್ರಬಂಧ ಪ್ರಕಟಿಸಿದರು. ಸರ್ಕಾರದ ಸಾಲ ದೇಶದ ಒಟ್ಟು ಆಂತರಿಕ ಉತ್ಪನ್ನದ ಶೇ 90ನ್ನು ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಅದು ಹೇಳಿತು. 1946ರಿಂದ 2009ರವರೆಗಿನ ಅವರ ಲೆಕ್ಕದಲ್ಲಿ, ಇಂಥ ಸಾಲ ಹೊತ್ತ ಮುಂದುವರಿದ ದೇಶಗಳ ಸರಾಸರಿ ಬೆಳವಣಿಗೆ ಸೊನ್ನೆಗಿಂತ ಶೇ 0.1 ಕೆಳಗಿತ್ತು. ಸರ್ಕಾರಿ ಖರ್ಚು ಕಡಿತಗೊಳಿಸಬೇಕೆಂದು ವಾದಿಸುತ್ತಿದ್ದ ಯುರೋಪ್, ಅಮೆರಿಕಗಳ ರಾಜಕಾರಣಿಗಳಿಗೆ ಇದು ದೊಡ್ಡ ಆಧಾರವಾಯಿತು.

ಆಮ್‌ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್‌ಗೆ ತರಗತಿಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಪ್ರಕಟವಾದ ಪ್ರಬಂಧವೊಂದರ ಲೆಕ್ಕವನ್ನು ಮತ್ತೆ ಮಾಡಿ, ಅದೇ ಉತ್ತರ ಬರುತ್ತದೆಯೇ ನೋಡಬೇಕಿತ್ತು. ಅವನು ಆರಿಸಿಕೊಂಡದ್ದು ಇದೇ ಪ್ರಬಂಧವನ್ನು. ಉತ್ತರ ಮಾತ್ರ ಹೊಂದಲಿಲ್ಲ. ಕೊನೆಗೆ ಲೇಖಕರಿಗೇ ಬರೆದು ಮೂಲ ಹಾಳೆ ಕೇಳಿದ. ಅವರು ತಮ್ಮ ಎಕ್ಸೆಲ್ ಕಡತವನ್ನು ಕಳುಹಿಸಿಕೊಟ್ಟರು.

ತೆರೆದು ನೋಡಿದರೆ, ಸರಾಸರಿಯ ಸೂತ್ರ 30ನೇ ಸಾಲಿನಿಂದ 49ನೇ ಸಾಲಿನವರೆಗೆ ಹೋಗುವ ಬದಲು 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದಿಂದ ಹೊರಗುಳಿದಿದ್ದವು. ಕೆಲವು ವರ್ಷಗಳ ಅಂಕಿಗಳನ್ನು ಬಿಟ್ಟದ್ದು, ಸರಾಸರಿ ತೆಗೆದ ಕ್ರಮ ಇವುಗಳ ಪರಿಣಾಮ ಇನ್ನೂ ದೊಡ್ಡದಾಗಿತ್ತು. 2013ರ ಏಪ್ರಿಲ್‌ನಲ್ಲಿ ಹರ್ನ್‌ಡನ್ ಮತ್ತು ಅವನ ಇಬ್ಬರು ಪ್ರಾಧ್ಯಾಪಕರು ಸರಿಯಾದ ಸರಾಸರಿ ಶೇ 2.2 ಎಂದು ತೋರಿಸಿದರು. ಸೂತ್ರದ ತಪ್ಪನ್ನು ಲೇಖಕರು ಒಪ್ಪಿಕೊಂಡರು. ಆದರೆ ಸಾಲ ಹೆಚ್ಚಿದ್ದಲ್ಲಿ ಬೆಳವಣಿಗೆ ಮಂದ ಎಂಬ ಅಭಿಪ್ರಾಯವನ್ನು ಬಿಟ್ಟುಕೊಡಲಿಲ್ಲ.

ಆ ಕಡತ ಕೈಗೆ ಸಿಗದಿದ್ದರೆ ವಾದಕ್ಕೆ ಕೊನೆಯೇ ಇರುತ್ತಿರಲಿಲ್ಲ. ಮಾಹಿತಿ ನೋಡುವವರಿಗೆ ಬಾಗಿಲು ತೆರೆದಿರಬೇಕು. ಆದರೆ ಬದಲಾಯಿಸುವ ಕೈಗಳಿಗೆ ಕಟ್ಟುಪಾಡು ಬೇಕು. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ, ಪ್ರತಿ ತೆಗೆಯುವ ಪ್ರೋಗ್ರಾಮು ಓಡುತ್ತಿರುವಾಗಲೇ ಅದನ್ನು ಬದಲಾಯಿಸಿದ್ದರಿಂದ ಸುಮಾರು 77 ಟೆರಾಬೈಟ್ ಮಾಹಿತಿ ಅಳಿಸಿಹೋಯಿತು. ಹಾನಿಗೊಳಗಾದ 14 ತಂಡಗಳಲ್ಲಿ ನಾಲ್ಕಕ್ಕೆ ಕಳೆದದ್ದು ಮರಳಿ ಸಿಗಲಿಲ್ಲ.

ಈಗ ಪದವಿ ತರಗತಿಯ ಪ್ರಾಜೆಕ್ಟಿನಲ್ಲೂ ನಾಲ್ಕೈದು ಮಂದಿ ಒಂದೇ ಕಡತದಲ್ಲಿ ಕೆಲಸ ಮಾಡುತ್ತಾರೆ. ಯಾರು ನೋಡಬಹುದು, ಯಾರು ತಿದ್ದಬಹುದು ಎಂಬುದನ್ನು ಮೊದಲ ದಿನವೇ ನಿರ್ಧರಿಸಿ. ಮೂಲ ಕಡತವನ್ನು ಮುಟ್ಟದೆ, ಅದರ ಪ್ರತಿಯಲ್ಲಿ ಕೆಲಸ ಮಾಡಿ. ತಿದ್ದಿದವರು ದಿನಾಂಕ, ಹೆಸರು, ಕಾರಣವನ್ನು ಒಂದು ಸಾಲಿನಲ್ಲಿ ಬರೆದಿಡಲಿ. ಲೆಕ್ಕದ ಪುಸ್ತಕದಲ್ಲಿ ಹಳೆಯ ಅಂಕಿ ಕಾಣುವಂತೆ ಗೀಟು ಹೊಡೆದು ಪಕ್ಕದಲ್ಲಿ ಸಹಿ ಹಾಕುವ ಹಾಗೆ. ಸಮೀಕ್ಷೆಯಲ್ಲಿ ಉತ್ತರ ಕೊಟ್ಟವರ ಹೆಸರು, ಫೋನ್ ನಂಬರ್‌ಗಳನ್ನು ಬೇರೆಯಾಗಿಯೇ ಇಡಿ. ಅವು ಎಲ್ಲರ ಕೈಗೂ ಸಿಗಬಾರದು. ಇನ್ನೊಂದು ಪ್ರತಿ ಬೇರೆ ಜಾಗದಲ್ಲಿರಲಿ, ಅದು ತೆರೆಯುತ್ತದೆಯೇ ಎಂದು ಆಗಾಗ ನೋಡಿ.

ಪೋಷಕರಿಗೂ ಒಂದು ಮಾತು. ದೊಡ್ಡವರ ಲೆಕ್ಕವನ್ನು ಪರೀಕ್ಷಿಸುವುದು ಉದ್ಧಟತನವಲ್ಲ. ವಿನಯದಿಂದ ಪತ್ರ ಬರೆದು ಕೇಳಿದ ಒಬ್ಬ ವಿದ್ಯಾರ್ಥಿಯಿಂದ ಅರ್ಥಶಾಸ್ತ್ರದ ಒಂದು ಲೆಕ್ಕ ಸರಿಹೋಯಿತು. ಮಕ್ಕಳು ಪ್ರಾಜೆಕ್ಟ್ ಮುಗಿಸಿ ಬಂದಾಗ ಎಷ್ಟು ಅಂಕ ಬಂತು ಎನ್ನುವುದರ ಜೊತೆಗೆ, ಮೂಲ ಹಾಳೆ ಎಲ್ಲಿದೆ ಎಂದೂ ಕೇಳಿ.