ಮೂರು ದಿನದ ಮುಂಬಯಿ

ನಾಲ್ವರು ಸ್ನೇಹಿತರು ಸೇರಿ ಮೂರು ದಿನಗಳ ಮಟ್ಟಿಗೆ ಮುಂಬಯಿಗೆ ಹೋಗಿಬರುವುದೆಂದು ನಿಶ್ಚಯಿಸಿದ ಮರುಗಳಿಗೆಯಲ್ಲಿಯೇ ಒಂದು ಪಟ್ಟಿ ಜನ್ಮತಾಳುತ್ತದೆ. ಒಬ್ಬನು ಗೇಟ್‌ವೇ ಆಫ್ ಇಂಡಿಯಾ ಎನ್ನುತ್ತಾನೆ. ಇನ್ನೊಬ್ಬನು ಸಿದ್ಧಿವಿನಾಯಕನನ್ನೂ ಮಹಾಲಕ್ಷ್ಮಿಯನ್ನೂ ಸೇರಿಸುತ್ತಾನೆ. ಮೂರನೆಯವನಿಗೆ ಜುಹೂವಿನ ಕಡಲತೀರವೂ ಬಾಂದ್ರಾದಲ್ಲಿರುವ ಚಿತ್ರನಟನೊಬ್ಬನ ಬಂಗಲೆಯ ಗೇಟೂ ಬೇಕು. ನಾಲ್ಕನೆಯವನು, ತನಗೆ ವಿಶೇಷವಾದ ಅಪೇಕ್ಷೆ ಯಾವುದೂ ಇಲ್ಲವೆಂದು ವಿನಯದಿಂದ ಹೇಳಿ, ಹೇಗೂ ಅಷ್ಟು ದೂರ ಹೋಗಿರುತ್ತೇವಲ್ಲ ಎಂದು ಲೋಣಾವಳವನ್ನೂ ಶಿರಡಿಯನ್ನೂ ಕೆಳಗೆ ಬರೆಸುತ್ತಾನೆ. ಯಾರ ಆಸೆಯನ್ನೂ ಹೊಡೆದುಹಾಕಬಾರದೆಂಬ ದಾಕ್ಷಿಣ್ಯದಿಂದ ಹುಟ್ಟಿದ ಈ ಪಟ್ಟಿಯು ಸ್ನೇಹಕ್ಕೆ ಭೂಷಣವಾಗಿರಬಹುದಾದರೂ ಪ್ರವಾಸಕ್ಕೆ ಮಾರಕವೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಮುಂಬಯಿಯು ಉತ್ತರ ದಕ್ಷಿಣವಾಗಿ ನೀಳವಾಗಿ ಚಾಚಿಕೊಂಡಿರುವ ಊರು. ಏಳು ದ್ವೀಪಗಳ ನಡುವಣ ಕಡಲನ್ನು ಮಣ್ಣಿನಿಂದ ತುಂಬಿ ಒಂದುಗೂಡಿಸಿದ ನೆಲದಲ್ಲಿ ಮೊದಲುಗೊಂಡು, ಕೊಲಾಬಾದಿಂದ ಬೊರಿವಲಿಯವರೆಗೆ ಮೂವತ್ತು ಕಿಲೋಮೀಟರಿಗೂ ಮಿಗಿಲಾಗಿ ಬೆಳೆದಿರುವ ಈ ನಗರದಲ್ಲಿ, ಬೆಳಗ್ಗೆ ಒಂದು ತುದಿ, ಮಧ್ಯಾಹ್ನ ಇನ್ನೊಂದು ತುದಿ, ಸಂಜೆಗೆ ಪುನಃ ಮೊದಲಿನ ತುದಿ ಎಂದು ಗೊತ್ತುಮಾಡಿಕೊಂಡವರು ನೋಡುವುದು ಬಹುಮಟ್ಟಿಗೆ ಮುಂದಿನ ವಾಹನದ ಹಿಂಭಾಗವನ್ನು. ಆದುದರಿಂದ ಮೂರು ದಿನಕ್ಕೆ ಹೋಗುವವರು ಮುಂಬಯಿಯನ್ನು ನೋಡಿಬರುತ್ತೇವೆಂಬ ಪ್ರತಿಜ್ಞೆಯನ್ನು ಮನೆಯಲ್ಲಿಯೇ ಬಿಟ್ಟು, ಅದರ ಒಂದು ಭಾಗವನ್ನು, ಅದೂ ಕಾಲ್ನಡಿಗೆಯಲ್ಲಿ, ಸಾವಧಾನವಾಗಿ ನೋಡಿಬರುವ ಸಂಕಲ್ಪ ಮಾಡತಕ್ಕದ್ದು. ಆ ಭಾಗ ಯಾವುದೆಂದು ನನ್ನನ್ನು ಕೇಳಿದರೆ, ಕೊಲಾಬಾದಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನವರೆಗಿನ ಕೋಟೆ ಪ್ರದೇಶ, ಅದರ ಎದುರಿನ ಸಮುದ್ರದಲ್ಲಿರುವ ಒಂದು ದ್ವೀಪ, ಮತ್ತು ಊಟಕ್ಕಾಗಿ ಮಾಟುಂಗಾ. ಇಷ್ಟೇ ಸಾಕು ಎನ್ನುತ್ತೇನೆ.

ಸ್ಥಳಗಳನ್ನು ಕುರಿತು ಉದಾರರಾಗಿರುವ ನಮ್ಮ ಜನ ವಾರಗಳನ್ನು ಕುರಿತು ಮಾತ್ರ ವಿಚಾರಮಾಡುವುದಿಲ್ಲ. ಶನಿವಾರ, ಭಾನುವಾರಗಳಿಗೆ ಸೋಮವಾರದ ಒಂದು ರಜೆಯನ್ನು ಕೂಡಿಸಿಕೊಂಡು ಹೊರಡುವುದು ಈಗಿನ ರೂಢಿ. ಆ ಸೋಮವಾರದಂದೇ ಎಲಿಫೆಂಟಾ ಗುಹೆಗಳೂ ಕಾನ್ಹೇರಿಯ ಗುಹೆಗಳೂ ಮುಚ್ಚಿರುತ್ತವೆ. ಬೈಕಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯಕ್ಕೆ ಬುಧವಾರ ರಜೆ. ಸಿದ್ಧಿವಿನಾಯಕನ ಸನ್ನಿಧಿಯಲ್ಲಿ ಮಂಗಳವಾರ ಸೇರುವ ಜನಸಂದಣಿಯ ಮುಂದೆ ಉಳಿದ ದಿನಗಳ ಸಾಲು ಸಾಲೇ ಅಲ್ಲ. ಭಾನುವಾರ ಲೋಕಲ್ ರೈಲಿನ ಹಳಿಗಳ ದುರಸ್ತಿಗೆಂದು ಕೆಲವು ಗಂಟೆಗಳ ಕಾಲ ಗಾಡಿಗಳನ್ನು ನಿಲ್ಲಿಸುತ್ತಾರೆ, ಇಲ್ಲವೆ ಬೇರೆ ಹಳಿಗೆ ತಿರುಗಿಸುತ್ತಾರೆ. ಅಲ್ಲಿಯವರ ಬಾಯಲ್ಲಿ ಅದು ಮೆಗಾ ಬ್ಲಾಕ್. ಇವನ್ನೆಲ್ಲ ಮುಂದಿಟ್ಟುಕೊಂಡು ನೋಡಿದರೆ ಕ್ರಮವು ತಾನಾಗಿಯೇ ಸಿದ್ಧವಾಗುತ್ತದೆ: ಶನಿವಾರ ದ್ವೀಪ, ಭಾನುವಾರ ಕಾಲ್ನಡಿಗೆ, ಸೋಮವಾರ ಉಳಿದದ್ದು. ಭಾನುವಾರ ಬೆಳಗಿನ ಕೋಟೆ ಪ್ರದೇಶವೆಂದರೆ ಕಚೇರಿಗಳು ಮುಚ್ಚಿ, ಬೀದಿಗಳು ಬರಿದಾಗಿ, ತಲೆಯೆತ್ತಿ ಕಟ್ಟಡಗಳನ್ನು ನೋಡುತ್ತ ನಿಂತವನನ್ನು ಯಾರೂ ತಳ್ಳದಿರುವ ಅಪರೂಪದ ಹೊತ್ತು.

ದ್ವೀಪದ ವಿಚಾರ. ಗೇಟ್‌ವೇಯಿಂದ ಹೊರಡುವ ಲಾಂಚು ಸುಮಾರು ಒಂದು ಗಂಟೆಯಲ್ಲಿ ಘಾರಾಪುರಿಯನ್ನು, ಎಂದರೆ ಎಲಿಫೆಂಟಾವನ್ನು, ಮುಟ್ಟಿಸುತ್ತದೆ. ಕಡಲ ಮೇಲಿನ ಸವಾರಿ, ಕಡಲಹಕ್ಕಿಗಳು, ದ್ವೀಪದ ಕೋತಿಗಳು, ಮೆಟ್ಟಿಲುಗಳ ಇಕ್ಕೆಲದ ಅಂಗಡಿಗಳು, ಇಷ್ಟರಲ್ಲಿಯೇ ಬಹುಮಂದಿಯ ಉತ್ಸಾಹವು ವ್ಯಯವಾಗಿ, ಗುಹೆಯೊಳಗೆ ಹತ್ತು ನಿಮಿಷ ನಿಂತು ಹಿಂದಿರುಗುವುದುಂಟು. ಕನ್ನಡಿಗರಂತೂ ಹಾಗೆ ಮಾಡಬಾರದು. ಸುಮಾರು 20 ಅಡಿ ಎತ್ತರದ ಆ ಸದಾಶಿವಮೂರ್ತಿಯ ಮುಂದೆ, ನಡುವೆ ಧ್ಯಾನಸ್ಥವಾದ ಮುಖ, ಒಂದು ಪಾರ್ಶ್ವದಲ್ಲಿ ಉಗ್ರವಾದದ್ದು, ಮತ್ತೊಂದು ಪಾರ್ಶ್ವದಲ್ಲಿ ಸ್ತ್ರೀಸಹಜವಾದ ಸೌಕುಮಾರ್ಯವುಳ್ಳದ್ದು, ಈ ಮೂರೂ ಒಂದೇ ಬಂಡೆಯಿಂದ ಕತ್ತಲೊಳಗಿಂದ ಹೊರಬರುತ್ತಿರುವಂತೆ ತೋರುವಷ್ಟು ಹೊತ್ತು ನಿಲ್ಲದೆ ಬಂದವನು ಅದನ್ನು ನೋಡಲೇ ಇಲ್ಲವೆನ್ನಬೇಕು. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಹದಿನೆಂಟು ತೋಳುಗಳ ನಟರಾಜನನ್ನು ಕಂಡ ಕಣ್ಣುಗಳಿಗೆ ಇಲ್ಲಿಯ ಭಗ್ನವಾದ ನಟರಾಜನು ಅಪರಿಚಿತನಾಗಿ ತೋರಲಾರನು. ಐಹೊಳೆಯ ಮೇಗುಟಿಯಲ್ಲಿರುವ 634ರ ಶಾಸನದಲ್ಲಿ ರವಿಕೀರ್ತಿಯು, ಪುಲಕೇಶಿಯು ನೂರಾರು ನೌಕೆಗಳೊಡನೆ ಪಶ್ಚಿಮ ಸಮುದ್ರದ ಪುರಿ ಎಂಬ ನಗರವನ್ನು ಮುತ್ತಿದನೆಂದು ವರ್ಣಿಸಿರುವುದಷ್ಟೆ. ಆ ಪುರಿಯು ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆ ನಿಜವಾಗಿದ್ದರೆ, ಭೇಲ್‌ಪುರಿ ತಿನ್ನುತ್ತ ಲಾಂಚಿನಲ್ಲಿ ಕುಳಿತಿರುವ ನಮ್ಮ ಸ್ನೇಹಿತರಿಗಿಂತ ಸುಮಾರು ಹದಿನಾಲ್ಕು ಶತಮಾನಗಳಷ್ಟು ಹಿಂದೆಯೇ ಕರ್ಣಾಟಕದ ಸೇನೆಯೊಂದು ಈ ನೀರಿನ ಮೇಲೆ ಬಂದಿತ್ತು.

ಭಾನುವಾರದ ನಡಿಗೆಗೆ ಓವಲ್ ಮೈದಾನವನ್ನು ಕೇಂದ್ರವಾಗಿಟ್ಟುಕೊಳ್ಳುವುದು ಲೇಸು. ಮೈದಾನದ ನಡುವೆ ನಿಂತು ಪೂರ್ವಕ್ಕೆ ಮುಖಮಾಡಿದರೆ ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ, ಹೀಗೆ ಹತ್ತೊಂಬತ್ತನೆಯ ಶತಮಾನದ ಗಾಥಿಕ್ ಶೈಲಿಯ ಚೂಪುಗೋಪುರಗಳ ಸಾಲು. ಹಿಂದಿರುಗಿ ಪಶ್ಚಿಮಕ್ಕೆ ನೋಡಿದರೆ 1930ರ ದಶಕದ ಆರ್ಟ್ ಡೆಕೊ ಮನೆಗಳ ದುಂಡಾದ ಮೂಲೆಗಳೂ ನಯವಾದ ರೇಖೆಗಳೂ. ಎರಡು ಕಾಲಗಳು ಒಂದು ಹುಲ್ಲುಗಾವಲಿನ ಎರಡು ದಂಡೆಗಳಲ್ಲಿ ಹೀಗೆ ಎದುರುಬದುರಾಗಿ ನಿಂತಿರುವ ಸ್ಥಳ ಭಾರತದಲ್ಲಿ ಇನ್ನೊಂದನ್ನು ನಾನು ಕಾಣೆ. ಯುನೆಸ್ಕೊ ಸಂಸ್ಥೆಯು 2018ರಲ್ಲಿ ಇವೆರಡನ್ನೂ ಒಟ್ಟಾಗಿಯೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ರಾಜಾಬಾಯಿ ಗೋಪುರಕ್ಕೆ ಹಣ ಕೊಟ್ಟವನು ಪ್ರೇಮಚಂದ್ ರಾಯಚಂದ್ ಎಂಬ ಹತ್ತಿಯ ವ್ಯಾಪಾರಿ; ಹೆಸರು ಅವನ ತಾಯಿಯದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತುಹೋದಾಗ ಮುಂಬಯಿಯ ಪೇಟೆಯಲ್ಲಿ ಸುರಿದ ಹೊನ್ನಿನ ಮಳೆಯಿಂದ ಧನಿಕರಾದವರಲ್ಲಿ ಅವನು ಪ್ರಮುಖ. ಧಾರವಾಡ ಸೀಮೆಯಲ್ಲಿ ಬೆಳೆದ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಿನಲ್ಲಿ ಹಡಗೇರಿ ಇದೇ ಪೇಟೆಗೆ ಬರುತ್ತಿತ್ತು. ಕುಮಟೆಯ ಹೆಸರಿನಿಂದಲೇ ಅದಕ್ಕೆ ಅಲ್ಲಿ ಮಾರಾಟವಿತ್ತು. ನಮ್ಮ ಎರೆಭೂಮಿಯ ಬೆವರಿನ ಒಂದಂಶವು ಆ ಗೋಪುರದ ಕಲ್ಲುಗಳಲ್ಲಿಯೂ ಸೇರಿದೆಯೆಂದರೆ ಅತಿಶಯೋಕ್ತಿಯಾಗದು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಮುಂಬಯಿಯು ಬೆಂಗಳೂರು, ಮೈಸೂರುಗಳ ಕಡೆಯ ನಮ್ಮ ತರುಣರಿಗೆ ಸಿನಿಮಾದ ಊರು, ದುಡ್ಡಿನ ಊರು. ಆದರೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳ ಹಿರಿಯರಿಗೆ ಅದು 1956ರವರೆಗೂ ರಾಜಧಾನಿ. ಅವರ ಭೂಮಿ ವ್ಯಾಜ್ಯಗಳ ಅಪೀಲು ತೀರ್ಮಾನವಾದದ್ದು ಈ ಹೈಕೋರ್ಟಿನಲ್ಲಿ. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಸ್ಥಾಪಿತವಾಗುವ ಮೊದಲು ಅವರಲ್ಲಿ ಓದಿದವರ ಪದವಿಗಳು ಬಂದದ್ದು ಬಹುತೇಕ ಈ ಗೋಪುರದ ನೆರಳಿನಿಂದ. ಮನೆಯಲ್ಲಿ ಅಜ್ಜನ ಕಾಲದ ಹಳೆಯ ಕಾಗದಪತ್ರವೇನಾದರೂ ಇದ್ದರೆ ಹೊರಡುವ ಮುನ್ನ ಒಮ್ಮೆ ಬಿಚ್ಚಿ ನೋಡುವುದು, ಹತ್ತು ಪ್ರವಾಸಿ ಕೈಪಿಡಿಗಳನ್ನು ಓದುವುದಕ್ಕಿಂತ ಮೇಲು.

ಓವಲ್ ಮೈದಾನದಿಂದ ಟರ್ಮಿನಸ್ಸಿಗೆ ನಡೆಯಬಹುದು. ಎಫ್. ಡಬ್ಲ್ಯು. ಸ್ಟೀವನ್ಸ್ ರಚಿಸಿದ ಆ ನಿಲ್ದಾಣವನ್ನು ಕಟ್ಟಲು ತೊಡಗಿದ್ದು 1878ರಲ್ಲಿ. ಅದಕ್ಕೂ ಕಾಲು ಶತಮಾನ ಮೊದಲು, 1853ರ ಏಪ್ರಿಲ್ 16ರಂದು, ಅದರ ಪಕ್ಕದ ಬೋರಿ ಬಂದರಿನಿಂದಲೇ ಠಾಣೆಗೆ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿತು. ಹೊರಗಿನ ಕಲ್ಲಿನಲ್ಲಿ ಕೆತ್ತಿದ ಪ್ರಾಣಿಪಕ್ಷಿಗಳನ್ನು ನೋಡುವುದಕ್ಕೆ ಅರ್ಧ ಗಂಟೆಯಾದರೂ ಬೇಕು. ಆದರೆ ಆ ಕಟ್ಟಡದ ನಿಜವಾದ ವೈಭವವು, ಇಂದಿಗೂ ಲಕ್ಷಾಂತರ ಮಂದಿ ಅದನ್ನು ನೋಡದೆಯೇ ಅದರೊಳಗಿಂದ ಓಡಿಹೋಗುತ್ತಾರೆ ಎಂಬುದರಲ್ಲಿದೆ.

ಲೋಕಲ್ ರೈಲಿಗೆ ಹೆದರುವವರು ಒಂದು ಸಂಗತಿಯನ್ನು ತಿಳಿದಿದ್ದರೆ ಸಾಕು: ಬೆಳಗ್ಗೆ ಜನಪ್ರವಾಹವು ಉತ್ತರದಿಂದ ದಕ್ಷಿಣಕ್ಕೆ, ಸಂಜೆ ದಕ್ಷಿಣದಿಂದ ಉತ್ತರಕ್ಕೆ. ಚರ್ಚ್‌ಗೇಟಿನ ಸಮೀಪ ತಂಗಿದವನು ಬೆಳಗ್ಗೆ ಹತ್ತು ಗಂಟೆಗೆ ಬೊರಿವಲಿಯ ಕಡೆ ಹೊರಟರೆ ಕುಳಿತುಕೊಳ್ಳಲು ಜಾಗವೂ ಸಿಕ್ಕೀತು. ಬಾಡಿಗೆ ಅಗ್ಗವೆಂದು ಬೊರಿವಲಿಯಲ್ಲಿ ತಂಗಿ ಅದೇ ಹೊತ್ತಿಗೆ ಚರ್ಚ್‌ಗೇಟಿಗೆ ಬರಹೊರಟವನ ಪಾಡು ಬೇರೆ. ವಸತಿಯ ವಿಷಯದಲ್ಲಿ ಉಳಿಸಿದ ಹಣವು ಹೀಗೆ ಮೈಕೈ ನೋವಾಗಿ ಹಿಂದಿರುಗುತ್ತದೆ. ಕೋಟೆ ಪ್ರದೇಶ ದುಬಾರಿಯಾದರೆ, ಪಶ್ಚಿಮ ಮತ್ತು ಮಧ್ಯ ಎರಡೂ ಮಾರ್ಗಗಳು ಕೂಡುವ ದಾದರಿನ ಆಸುಪಾಸು ಎರಡನೆಯ ಆಯ್ಕೆ. ಆಟೋರಿಕ್ಷಾಗಳಿಗೆ ಬಾಂದ್ರಾ, ಸಾಯನ್‌ಗಳಿಂದ ದಕ್ಷಿಣಕ್ಕೆ ಪ್ರವೇಶವಿಲ್ಲ. ಅಲ್ಲಿ ಕಾಲಿಪೀಲಿ ಟ್ಯಾಕ್ಸಿಯೇ ಗತಿ, ಅದರಲ್ಲಿ ಕೂರುವವರು ನಾಲ್ವರು. ಐದನೆಯ ಸ್ನೇಹಿತನು ಎಷ್ಟೇ ಸಜ್ಜನನಾಗಿರಲಿ, ಅವನೊಡನೆ ಎರಡನೆಯ ಟ್ಯಾಕ್ಸಿಯೂ ಬರುತ್ತದೆಂಬುದನ್ನು ಆಹ್ವಾನ ಕೊಡುವ ಮೊದಲೇ ಯೋಚಿಸುವುದು ಒಳಿತು.

ಹಣದ ಮಾತನ್ನು ನಾವು ಸಂಕೋಚದಿಂದ ಮುಂದಕ್ಕೆ ತಳ್ಳುತ್ತೇವೆ. ಅದು ಮೂರನೆಯ ದಿನ ಮುನಿಸಾಗಿ ಎದುರು ನಿಲ್ಲುತ್ತದೆ. ಈಗಂತೂ ಚಹದಂಗಡಿಯ ಮುಂದೆ ಬಟ್ಟಲು ಬರಿದಾಗುವ ಮೊದಲೇ ಫೋನು ತೆಗೆದು, ತಲೆಗೆ ಇಷ್ಟೆಂದು ಭಾಗಿಸಿ, ಪೈಸೆ ಸಮೇತ ಕಳುಹಿಸುವ ಅಭ್ಯಾಸ ಬಂದಿದೆ. ಲೆಕ್ಕ ಶುದ್ಧವಾಗಿರಬಹುದು, ಸರಸವಿಲ್ಲ. ಹೊರಡುವ ಮೊದಲೇ ಎಲ್ಲರೂ ಸಮನಾಗಿ ಹಣ ಹಾಕಿ ಒಬ್ಬನ ಕೈಗೆ ಕೊಟ್ಟು, ಗಾಡಿ, ವಸತಿ, ಊಟಗಳನ್ನು ಅದರಿಂದ ನಡೆಸಿ, ಮದ್ಯವನ್ನೂ ಅಂಗಡಿಯ ಖರೀದಿಯನ್ನೂ ಅವರವರ ಜೇಬಿಗೆ ಬಿಡುವ ಹಳೆಯ ಪದ್ಧತಿಯೇ ಮೇಲು. ಹಣ ಹಿಡಿಯುವವನು ಜಿಪುಣನಾಗಿದ್ದಷ್ಟೂ ಕ್ಷೇಮ.

ಮುಂಬಯಿಗೆ ಹೋಗಿಯೂ ಇಡ್ಲಿ ಹುಡುಕುವವರೆಂದು ನಮ್ಮನ್ನು ಹಾಸ್ಯಮಾಡುವುದುಂಟು. ಮಾಡಲಿ. ಮಾಟುಂಗಾಕ್ಕೆ ಹೋಗುವುದು ನಾಲಿಗೆಯ ದೌರ್ಬಲ್ಯದಿಂದಲ್ಲ, ಇತಿಹಾಸದ ಆಸಕ್ತಿಯಿಂದ ಎಂದು ಧೈರ್ಯವಾಗಿ ಉತ್ತರ ಹೇಳಬಹುದು. ಅಲ್ಲಿಯ ನಿಲ್ದಾಣದ ಬಳಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು 1942ರಿಂದ ಎಲೆ ಹಾಕಿ ಬಡಿಸುತ್ತಿದೆ; ಅದಕ್ಕೂ ಹಿಂದೆ, 1926ರಲ್ಲಿ, ಮೈಸೂರು ಅಸೋಸಿಯೇಷನ್ ಸ್ಥಾಪಿತವಾಯಿತು. ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲೆಲ್ಲ ಇಂಥ ಹೋಟೆಲುಗಳಲ್ಲಿ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಗುಮಾಸ್ತರೂ ವಕೀಲರೂ ಹೋಟೆಲು ಮಾಲೀಕರೂ ಆದ ವೃತ್ತಾಂತವು ಗೇಟ್‌ವೇಯ ಕಮಾನಿಗಿಂತ ಕಡಿಮೆ ಪ್ರೇಕ್ಷಣೀಯವಲ್ಲ. ಇದಕ್ಕೆ ವಿರುದ್ಧವಾಗಿ, ಧಾರಾವಿಯ ಗಲ್ಲಿಗಳಲ್ಲಿ ಬಡವರ ಅಡುಗೆಮನೆಯೊಳಕ್ಕೆ ಇಣುಕುವುದಕ್ಕೆಂದು ಹಣ ಕೊಟ್ಟು ಹೋಗುವ ಪ್ರವಾಸವು ನನಗೆ ಸರ್ವಥಾ ಸಮ್ಮತವಲ್ಲ.

ಕಡೆಯದಾಗಿ ಒಂದು ಸಲಹೆ, ಇದನ್ನು ಕೇಳಿ ಕೆಲವರು ಹುಬ್ಬೇರಿಸಬಹುದು: ಮೂರು ದಿನಗಳಲ್ಲಿ ಒಂದು ಅಪರಾಹ್ನವನ್ನಾದರೂ ಸ್ನೇಹಿತರು ಬೇರೆ ಬೇರೆಯಾಗಿ ಕಳೆಯಲಿ. ಒಬ್ಬನಿಗೆ ವಸ್ತುಸಂಗ್ರಹಾಲಯ, ಒಬ್ಬನಿಗೆ ಕ್ರಾಫರ್ಡ್ ಮಾರುಕಟ್ಟೆ, ಒಬ್ಬನಿಗೆ ಗಾಂಧೀಜಿಯವರು 1917ರಿಂದ 1934ರವರೆಗೆ ಮುಂಬಯಿಗೆ ಬಂದಾಗಲೆಲ್ಲ ತಂಗುತ್ತಿದ್ದ ಮಣಿಭವನ, ಇನ್ನೊಬ್ಬನಿಗೆ ನಿದ್ರೆ. ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕೆಂಬ ಹಟದಿಂದಲೇ ಮೊದಲು ಹೇಳಿದ ಪಟ್ಟಿಯ ಅನರ್ಥವೆಲ್ಲ ಹುಟ್ಟುವುದು. ಅಗಲಿದ್ದವರು ಸಂಜೆ ಆರಕ್ಕೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂಡಿದಾಗ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಏನಾದರೂ ಇರುತ್ತದೆ. ದಿನವೆಲ್ಲ ಜೊತೆಗಿದ್ದವರಿಗೆ ಆ ಹೊತ್ತಿಗೆ ಮಾತು ತೀರಿರುತ್ತದೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಆಗ ದ್ವೀಪದ ಲಾಂಚುಗಳು ನಿಲ್ಲುವುದುಂಟು, ಕೊಂಕಣ ರೈಲಿನ ವೇಳಾಪಟ್ಟಿಯೂ ಬದಲಾಗುತ್ತದೆ. ಆದುದರಿಂದ ಚಳಿಗಾಲವೇ ಪ್ರಶಸ್ತ. ಮಂಗಳೂರಿನವರಿಗೆ ಮತ್ಸ್ಯಗಂಧ, ಬೆಂಗಳೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇವೆಯಾದರೂ, ಈಗಿನ ನಿಯಮದಂತೆ 60 ದಿನಗಳಿಗಿಂತ ಮುಂಚೆ ಟಿಕೆಟು ಕೊಡುವುದಿಲ್ಲ, ಒಂದು ಟಿಕೆಟಿನಲ್ಲಿ ಆರು ಮಂದಿಗಿಂತ ಹೆಚ್ಚಿನ ಹೆಸರು ಬರೆಯುವುದಿಲ್ಲ. ಸಂಕ್ರಾಂತಿಯ ರಜೆಗೆ ಹೋಗಬಯಸುವ ಗೆಳೆಯರು ನವೆಂಬರಿನ ನಡುವಿನೊಳಗಾಗಿ ದಿನವನ್ನು ಗೊತ್ತುಮಾಡಿಕೊಳ್ಳಲಿ.