ತೊಗರಿಗೆ ಗಾಳಿಯೊಂದೇ ಸಾಕೆ?

ಕಳೆದ ವರ್ಷ ನಮ್ಮ ಚರ್ಚಾಕೂಟದಲ್ಲಿ ಮಿತ್ರರೊಬ್ಬರು, “ಇಂಗಾಲದ ಡೈ ಆಕ್ಸೈಡು ಗಿಡಗಳಿಗೆ ಆಹಾರ, ಅದು ಹೆಚ್ಚಿದಷ್ಟೂ ಬೇಳೆಕಾಳಿನ ಬೆಳೆ ಹುಲುಸಾಗುವುದು, ಭಯವೇಕೆ?” ಎಂದು ವಾದಿಸಿ ಕರತಾಡನವನ್ನೂ ಬಹುಮಾನವನ್ನೂ ಪಡೆದರು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ನಾನು ಇತಿಹಾಸದ ವಿದ್ಯಾರ್ಥಿ. ಆದರೆ ತೊಗರಿ ಬೆಳೆಯುವವರ ಮನೆಯವನು. ತಡವಾದರೂ ಇಲ್ಲಿ ಉತ್ತರಿಸುತ್ತೇನೆ.

ಅವರ ಮಾತಿನಲ್ಲಿ ಅರ್ಧ ಸತ್ಯವಿದೆಯೆಂದು ಮೊದಲೇ ಒಪ್ಪಬೇಕು. 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳತೆ ಆರಂಭವಾದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಈ ಅನಿಲ, 2024ರಲ್ಲಿ 420ನ್ನು ಮೀರಿತ್ತು. ಅನಿಲ ಹೆಚ್ಚಿದರೆ ಎಲೆ ಹೆಚ್ಚು ಸಕ್ಕರೆ ತಯಾರಿಸುತ್ತದೆ. (ಜೋಳಕ್ಕೆ ಈ ಲಾಭ ಅಷ್ಟಾಗಿ ಇಲ್ಲ, ಅದರ ಎಲೆಯ ಏರ್ಪಾಡೇ ಬೇರೆ.) ಗೋಧಿ, ಭತ್ತಗಳು ಸಾರಜನಕ ಸಾಲದೆ ಬೇಗ ಸೋಲುತ್ತವೆ. ದ್ವಿದಳ ಸಸ್ಯಗಳಿಗೆ ಆ ಕೊರತೆ ಕಡಮೆ. ಅವುಗಳ ಬೇರುಗಂಟುಗಳಲ್ಲಿ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ನೆಲೆಸಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಪ್ರತಿಯಾಗಿ ಗಿಡದಿಂದ ಸಕ್ಕರೆ ಪಡೆಯುತ್ತವೆ. ಹಳ್ಳಿಯಲ್ಲಿ ಆಯಗಾರರಿಗೆ ಕಾಳು ಅಳೆದುಕೊಟ್ಟು ಕೆಲಸ ಪಡೆಯುತ್ತಿದ್ದರಲ್ಲ, ಹಾಗೆ. ಸಕ್ಕರೆ ಹೆಚ್ಚಿದರೆ ಕೆಲಸವೂ ಹೆಚ್ಚಬೇಕು. ಮಿತ್ರರ ವಾದ ಇಲ್ಲಿಗೆ ನಿಂತಿತು.

ಆದರೆ ಈ ವ್ಯವಹಾರ ನಡೆಯುವುದು ಒದ್ದೆ ನೆಲದಲ್ಲಿ. ರಂಜಕವೂ ಬೇಕು, ಎಲ್ಲಕ್ಕಿಂತ ಮೊದಲು ನೀರು ಬೇಕು. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಬಯಲು ಹೊಲದ ಸೋಯಾಬೀನಿಗೇ ಈ ಅನಿಲವನ್ನು ಊದಿ ಎಂಟು ವರ್ಷ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಇದು: ಬರ ತೀವ್ರವಾದಂತೆಲ್ಲ ಲಾಭ ಕುಗ್ಗಿ, ಕೊನೆಗೆ ಇಲ್ಲವೇ ಆಯಿತು. ಅಷ್ಟು ಫಲವತ್ತಾದ ನೆಲದಲ್ಲಿಯೇ ಹೀಗಾದರೆ, ಮಳೆಯನ್ನೇ ನಂಬಿದ ಕಲಬುರಗಿಯ ತೊಗರಿಯ ಪಾಡೇನು? ಬಿಸಿಲನ್ನು ಏರಿಸುತ್ತಿರುವುದೂ ಇದೇ ಅನಿಲವಲ್ಲವೆ?

ಕಳೆದ ಆಗಸ್ಟಿನಲ್ಲಿ ಮೂರು ವಾರ ಮಳೆ ಕೈಕೊಟ್ಟಾಗ ನಮ್ಮ ಹೊಲದಲ್ಲಿ ಎರಡು ತೊಗರಿ ಗಿಡಗಳನ್ನು ಅಗೆದು ತೆಗೆದೆ. ಒಡ್ಡಿನ ಬುಡದಲ್ಲಿ, ಇನ್ನೂ ಹಸಿ ಉಳಿದಿದ್ದ ಕಡೆಯ ಗಿಡದ ಗಂಟನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ಕೆಂಪು; ಜೀವಿಗಳು ಕೆಲಸದಲ್ಲಿವೆ ಎಂಬುದಕ್ಕೆ ಅದೇ ಗುರುತು. ದಿಬ್ಬದ ಮೇಲಿನ ಗಿಡದಲ್ಲಿ ಬೆರಳೆಣಿಕೆಯ ಗಂಟುಗಳು, ಒಳಗೆ ಹಸಿರುಗಂದು ಬಣ್ಣ. ಎರಡೂ ಉಸಿರಾಡಿದ್ದು ಒಂದೇ ಗಾಳಿಯನ್ನು! ಅಪ್ಪ ನೋಡಿ, “ಇದಕ್ಕೆ ಪುಸ್ತಕ ಓದಬೇಕಾಗಿತ್ತೇನಪ್ಪಾ?” ಎಂದರು.

ಇನ್ನೊಂದು ಮಾತು. 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಈ ಅನಿಲ ಹೆಚ್ಚಿದಾಗ ಬಟಾಣಿ, ಸೋಯಾಗಳ ಸಸಾರಜನಕ ಹೆಚ್ಚೇನೂ ಕುಂದಲಿಲ್ಲ. ಕಬ್ಬಿಣ ಮತ್ತು ಸತುವಿನ ಅಂಶ ಕುಂದಿತು. ಮಾಂಸ ಮುಟ್ಟದ, ಅಥವಾ ಕೊಳ್ಳಲಾಗದ ಮನೆಗಳಲ್ಲಿ ಕಬ್ಬಿಣ ಬರಬೇಕಾದದ್ದು ಇಂಥ ಕಾಳುಗಳಿಂದಲೇ. ನಮ್ಮ ವಿದ್ಯಾರ್ಥಿನಿಲಯದ ತಿಳಿ ಸಾರಿನಲ್ಲಿ ಬೇಳೆಯನ್ನೇ ಹುಡುಕಬೇಕಾಗಿರುವುದು ಬೇರೆಯ ವಿಚಾರ.

ಹೆಚ್ಚುವ ಅನಿಲವನ್ನು ವರವೆನ್ನುವವರು ಮೊದಲು ಒಡ್ಡು, ಕೃಷಿಹೊಂಡಗಳ ಲೆಕ್ಕ ಕೊಡಬೇಕೆಂಬುದೇ ನನ್ನ ವಾದ. ಮಿತ್ರರು ಒಪ್ಪದಿದ್ದರೆ ಬರುವ ಆಗಸ್ಟಿನಲ್ಲಿ ನಮ್ಮ ಊರಿಗೆ ಬರಲಿ. ಬ್ಲೇಡು ನನ್ನದು, ಗಿಡವನ್ನು ಅವರೇ ಆರಿಸಿಕೊಳ್ಳಲಿ.