ರಕ್ತಪರೀಕ್ಷೆಯ ಫಲಿತಾಂಶ ಮತ್ತು ಉದ್ಯಮದ ಹೊಣೆ

ಪರೀಕ್ಷೆಯಾಗದ ಮೊಟ್ಟೆಯನ್ನು ಮನೆಗೆ ತರಬಾರದೆಂಬುದು ರೇಷ್ಮೆ ಕೃಷಿಯ ಮೊದಲ ಪಾಠ. ಗಂಟು ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ ದಾಟುತ್ತದೆ. ಹೊರನೋಟಕ್ಕೆ ಚಿಟ್ಟೆ ಆರೋಗ್ಯವಾಗಿಯೇ ಕಾಣಬಹುದು. ನಷ್ಟ ತಿಳಿಯುವ ವೇಳೆಗೆ ಬೆಳೆಯೇ ಕೈಬಿಟ್ಟಿರುತ್ತದೆ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮ ಈ ರೋಗದಿಂದ ನೆಲಕಚ್ಚಿದಾಗ, ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ಲೂಯಿ ಪಾಶ್ಚರ್ ರೂಪಿಸಿದರು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ರೋಗರಹಿತ ಮೊಟ್ಟೆಗೆ ಆ ಪರೀಕ್ಷೆಯೇ ಆಧಾರ. ಕರ್ನಾಟಕದಲ್ಲಿ 1959ರಿಂದಲೇ ಬಿತ್ತನೆ, ಗೂಡು ಮತ್ತು ನೂಲಿನ ವಹಿವಾಟನ್ನು ನಿಯಂತ್ರಿಸುವ ಕಾಯಿದೆಯಿದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆಯಿರುವ ರಾಮನಗರಕ್ಕಾಗಲಿ, ಕನಕಪುರ, ಚನ್ನಪಟ್ಟಣ, ಮಾಗಡಿಗಳ ಬೆಳೆಗಾರರಿಗಾಗಲಿ ಪರೀಕ್ಷೆಯ ಬೆಲೆಯನ್ನು ಹೊಸದಾಗಿ ಹೇಳಿಕೊಡಬೇಕಾದ ಅಗತ್ಯವಿಲ್ಲ.

ಆದರೆ ಹುಳುವಿನ ವಿಷಯದಲ್ಲಿ ತೋರುವ ಈ ಎಚ್ಚರವನ್ನು ದುಡಿಯುವ ಮನುಷ್ಯನ ರಕ್ತದ ವಿಷಯದಲ್ಲಿ ಉದ್ಯಮ ವಲಯ ತೋರಿದೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಕಾಲ ಬಂದಿದೆ. ಹೆಪಟೈಟಿಸ್ ಬಿ ವೈರಾಣುವಿನ ಸೋಂಕು ಅಂತಹ ಎಚ್ಚರವನ್ನು ಬೇಡುವ ಕಾಯಿಲೆ. ಅದು ಯಕೃತ್ತಿನಲ್ಲಿ ನೆಲೆಸಿ ದಶಕಗಳ ಕಾಲ ಯಾವ ಲಕ್ಷಣವನ್ನೂ ತೋರದೆ ಇರಬಲ್ಲದು. ಕಡೆಗೆ ಸಿರೋಸಿಸ್ ಅಥವಾ ಯಕೃತ್ತಿನ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನ ಈ ದೀರ್ಘಕಾಲಿಕ ಸೋಂಕಿನೊಡನೆ ಬದುಕುತ್ತಿದ್ದರು. ಅವರಲ್ಲಿ ಭಾರತದವರು ಸುಮಾರು 2.98 ಕೋಟಿ. ಆ ಒಂದೇ ವರ್ಷದಲ್ಲಿ ಈ ಸೋಂಕಿನಿಂದ ಜಗತ್ತಿನಲ್ಲಿ ಸುಮಾರು 11 ಲಕ್ಷ ಜನ ಸತ್ತರು. ಸೋಂಕಿತರ ಪೈಕಿ ತಮಗೆ ಸೋಂಕಿದೆಯೆಂದು ತಿಳಿದವರು ಶೇಕಡಾ 13 ಮಾತ್ರ. ಉಳಿದವರಿಗೆ ತಮ್ಮ ರಕ್ತದ ಸಂಗತಿಯೇ ಗೊತ್ತಿಲ್ಲ.

ಆಕಸ್ಮಿಕ ಶೋಧ, ಅಮೂಲ್ಯ ಪರೀಕ್ಷೆ

ಈ ವೈರಾಣುವಿನ ಪತ್ತೆ ಆಕಸ್ಮಿಕವಾಗಿ ಆದದ್ದು. ಅಮೆರಿಕದ ಬರೂಕ್ ಬ್ಲಂಬರ್ಗ್ ಅವರು ಯಕೃತ್ತಿನ ರೋಗವನ್ನು ಹುಡುಕಿ ಹೊರಟವರಲ್ಲ. ಬೇರೆ ಬೇರೆ ಜನಾಂಗಗಳ ರಕ್ತದಲ್ಲಿರುವ ಆನುವಂಶಿಕ ವ್ಯತ್ಯಾಸಗಳನ್ನು ಅಧ್ಯಯನ ಮಾಡುತ್ತಿದ್ದರು. ಹಲವು ಬಾರಿ ರಕ್ತ ಪಡೆದಿದ್ದ ಹಿಮೋಫಿಲಿಯಾ ರೋಗಿಯೊಬ್ಬರ ಸೀರಂ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಸೀರಂನೊಡನೆ ಅಗಾರ್ ಲೋಳೆಯಲ್ಲಿ ಸೇರಿದಾಗ ಒಂದು ಗೆರೆ ಮೂಡಿತು. ಆ ಅಪರಿಚಿತ ವಸ್ತುವಿಗೆ ‘ಆಸ್ಟ್ರೇಲಿಯಾ ಪ್ರತಿಜನಕ’ ಎಂಬ ಹೆಸರು ಬಂದಿತು. 1965ರಲ್ಲಿ ಅದರ ವಿವರ ಪ್ರಕಟವಾಯಿತು. ಅದಕ್ಕೂ ಹೆಪಟೈಟಿಸ್‌ಗೂ ಇರುವ ನಂಟು ಮುಂದಿನ ಕೆಲವೇ ವರ್ಷಗಳಲ್ಲಿ ಸ್ಪಷ್ಟವಾಯಿತು. ವಾಸ್ತವವಾಗಿ ಅದು ವೈರಾಣುವಿನ ಹೊರಕವಚದ ಪ್ರೋಟೀನು. ಈ ಶೋಧಕ್ಕಾಗಿ 1976ರಲ್ಲಿ ಬ್ಲಂಬರ್ಗ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. 1986ರಲ್ಲಿ ಅವರು ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಬೆಂಗಳೂರಿನಲ್ಲಿ ಇದ್ದುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಅವರ ಜನ್ಮದಿನವಾದ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸಲಾಗುತ್ತದೆ.

ಶೋಧದ ಮೊದಲ ಫಲ ಔಷಧವಲ್ಲ, ರಕ್ತನಿಧಿಯ ಸುರಕ್ಷತೆ. ಆರಂಭದ ಲೋಳೆ ಪರೀಕ್ಷೆ ನಿಧಾನವಾಗಿತ್ತು ಮತ್ತು ಹೆಚ್ಚು ಪ್ರಮಾಣದ ಪ್ರತಿಜನಕವಿದ್ದರೆ ಮಾತ್ರ ಹಿಡಿಯುತ್ತಿತ್ತು. ನಂತರ ವಿಕಿರಣ ಬಳಸುವ ಪರೀಕ್ಷೆಯೂ, ಅದರ ಹಿಂದೆಯೇ ಕಿಣ್ವದ ಬಣ್ಣದಿಂದ ಉತ್ತರ ಹೇಳುವ ಎಲೈಸಾ ಪರೀಕ್ಷೆಯೂ ಬಂದವು. ಇಂದು ಭಾರತದಲ್ಲಿ ದಾನವಾಗಿ ಬಂದ ಪ್ರತಿಯೊಂದು ಯೂನಿಟ್ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳಿಗಾಗಿ ಪರೀಕ್ಷಿಸುವುದು ಕಡ್ಡಾಯ. 1996ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ಫಲವಾಗಿ, ಹಣಕ್ಕಾಗಿ ರಕ್ತ ಮಾರುವ ಪದ್ಧತಿಯನ್ನು 1998ರ ಜನವರಿಯಿಂದ ನಿಷೇಧಿಸಲಾಯಿತು. ಅಂದಿನಿಂದ ಸ್ವಯಂಪ್ರೇರಿತ ದಾನಿಯೇ ವ್ಯವಸ್ಥೆಯ ಆಧಾರಸ್ತಂಭ. ಆ ದಾನಿಗಳನ್ನು ಒಗ್ಗೂಡಿಸುವವರಲ್ಲಿ ಕಾರ್ಖಾನೆಗಳು, ವರ್ತಕರ ಸಂಘಗಳು, ಸೇವಾ ಸಂಸ್ಥೆಗಳು ಮುಂಚೂಣಿಯಲ್ಲಿವೆ ಎಂಬುದು ಗಮನಾರ್ಹ.

ಪರೀಕ್ಷೆಗೂ ಮಿತಿಯಿದೆ. ಸೋಂಕು ತಗುಲಿದ ಕೂಡಲೇ ಪ್ರತಿಜನಕ ರಕ್ತದಲ್ಲಿ ಗೋಚರಿಸುವುದಿಲ್ಲ. ಸಾಮಾನ್ಯವಾಗಿ ಕೆಲವು ವಾರಗಳು ಬೇಕು. ಈ ನಡುವಿನ ಕಾಲವೇ ಗವಾಕ್ಷಿ ಅವಧಿ. ಕೆಲವರ ರಕ್ತದಲ್ಲಿ ಪ್ರತಿಜನಕ ಅಳತೆಗೆ ಸಿಗದಷ್ಟು ಕಡಿಮೆಯಿದ್ದರೂ ವೈರಾಣುವಿನ ಡಿಎನ್‌ಎ ಉಳಿದಿರುತ್ತದೆ. ಡಿಎನ್‌ಎಯನ್ನೇ ವರ್ಧಿಸಿ ಹಿಡಿಯುವ ನ್ಯಾಟ್ ಪರೀಕ್ಷೆ ಈ ಅಂತರವನ್ನು ಕಿರಿದಾಗಿಸುತ್ತದೆ. ಅದು ದುಬಾರಿ, ಭಾರತದಲ್ಲಿ ಎಲ್ಲ ರಕ್ತಕೇಂದ್ರಗಳಿಗೂ ಕಡ್ಡಾಯವಾಗಿಲ್ಲ. ಆದ್ದರಿಂದ ದಾನಿಯ ಆಯ್ಕೆಯಲ್ಲಿ ಪ್ರಾಮಾಣಿಕ ಪ್ರಶ್ನೋತ್ತರಕ್ಕೆ ಇರುವ ಬೆಲೆ ಯಂತ್ರಕ್ಕಿಂತ ಕಡಿಮೆಯಲ್ಲ. ಸಂಖ್ಯೆಯ ದಾಖಲೆಗಾಗಿ ನೌಕರರನ್ನು ಸಾಲಿನಲ್ಲಿ ನಿಲ್ಲಿಸಿ ರಕ್ತ ಕೊಡಿಸುವ ಶಿಬಿರದಲ್ಲಿ ಇಂತಹ ಪ್ರಾಮಾಣಿಕ ಉತ್ತರ ದೊರೆಯುವುದು ಕಷ್ಟ. ಮೇಲ್ವಿಚಾರಕರ ಎದುರಿಗೆ ಯಾವ ಕಾರ್ಮಿಕನೂ ತನ್ನ ಗುಟ್ಟನ್ನು ಬಿಚ್ಚಿಡಲಾರ.

ಕಾಮಾಲೆ ಎಂಬ ಒಂದೇ ಹೆಸರು

ಹಳ್ಳಿಯ ಮಾತಿನಲ್ಲಿ ಕಣ್ಣು ಹಳದಿಯಾದರೆ ಅದು ಕಾಮಾಲೆ. ಆದರೆ ಕಾಮಾಲೆ ಲಕ್ಷಣವೇ ಹೊರತು ಒಂದೇ ರೋಗವಲ್ಲ. ಹೆಪಟೈಟಿಸ್ ಎ ಮತ್ತು ಇ ಕಲುಷಿತ ನೀರು, ಆಹಾರಗಳಿಂದ ಬರುತ್ತವೆ; ಬಹುಪಾಲು ಜನರಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಹೆಪಟೈಟಿಸ್ ಬಿ ಹರಡುವುದು ರಕ್ತ, ಲೈಂಗಿಕ ಸಂಪರ್ಕ ಮತ್ತು ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ. ಈ ವೈರಾಣು ದೇಹದ ಹೊರಗೂ ಕನಿಷ್ಠ ಏಳು ದಿನ ಬದುಕಬಲ್ಲದು. ಆದ್ದರಿಂದ ಒಮ್ಮೆ ಬಳಸಿದ ಸೂಜಿ, ಬದಲಿಸದ ಕ್ಷೌರದ ಬ್ಲೇಡು, ಸರಿಯಾಗಿ ಶುದ್ಧಿಯಾಗದ ಹಚ್ಚೆಯ ಸೂಜಿ ಇವುಗಳೆಲ್ಲ ಅಪಾಯದ ದಾರಿಗಳು. 2009ರಲ್ಲಿ ಗುಜರಾತಿನ ಮೊಡಾಸಾ ಸುತ್ತಮುತ್ತ ಸಿರಿಂಜುಗಳ ಮರುಬಳಕೆಯಿಂದ ಈ ಸೋಂಕು ಹರಡಿ ಹಲವರು ಸತ್ತ ಪ್ರಕರಣ ದೇಶಕ್ಕೇ ಪಾಠವಾಗಬೇಕಿತ್ತು.

ಕಾಮಾಲೆಗೆ ಕಿರುನೆಲ್ಲಿಯನ್ನು ಅರೆದು ಕೊಡುವುದು ಈ ಸೀಮೆಯಲ್ಲೂ ರೂಢಿಯಲ್ಲಿರುವ ನಾಟಿ ಮದ್ದು. ವಿಜ್ಞಾನ ಅದನ್ನು ತಿರಸ್ಕಾರದಿಂದ ನೋಡಲಿಲ್ಲ. 1988ರಲ್ಲಿ ಮದರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಬ್ಲಂಬರ್ಗ್ ಮೊದಲಾದವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿರುನೆಲ್ಲಿ ಪಡೆದ 37 ಜನರ ಪೈಕಿ 22 ಮಂದಿಯ ರಕ್ತದಲ್ಲಿ ಪ್ರತಿಜನಕ ಕಾಣೆಯಾಗಿತ್ತು. ಭರವಸೆ ದೊಡ್ಡದಾಗಿತ್ತು. ಆದರೆ ನಂತರ ಬೇರೆ ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಆ ಫಲ ಮರಳಿ ಕಾಣಲಿಲ್ಲ. 2011ರ ಸಮಗ್ರ ವಿಮರ್ಶೆಯೂ ಮನವರಿಕೆಯಾಗುವಂತಹ ಆಧಾರ ಸಿಗಲಿಲ್ಲವೆಂದೇ ಹೇಳಿತು. ಹೆಪಟೈಟಿಸ್ ಎ ತಾನಾಗಿ ವಾಸಿಯಾದಾಗ ಕೀರ್ತಿ ಮದ್ದಿಗೆ ಸಲ್ಲುತ್ತದೆ. ಹೆಪಟೈಟಿಸ್ ಬಿ ಇದ್ದವನು ಅದೇ ನಂಬಿಕೆಯಲ್ಲಿ ಕಾಲ ಕಳೆಯುತ್ತಾನೆ. ಈ ಎರಡನ್ನೂ ಬೇರ್ಪಡಿಸುವುದು ರಕ್ತಪರೀಕ್ಷೆಯೊಂದೇ.

ಲಸಿಕೆ ದೊರೆಯದ ತಲೆಮಾರು

ಹೆಪಟೈಟಿಸ್ ಬಿ ಲಸಿಕೆಯ ಕಥೆ ವಾಣಿಜ್ಯ ಲೋಕಕ್ಕೆ ಹೆಮ್ಮೆಯ ಕಥೆಯೂ ಹೌದು. ಆಮದು ಲಸಿಕೆ ಸಾಮಾನ್ಯರ ಕೈಗೆಟುಕದಿದ್ದ ಕಾಲದಲ್ಲಿ, ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಸ್ವದೇಶಿ ಲಸಿಕೆಯನ್ನು ಮಾರುಕಟ್ಟೆಗೆ ತಂದಿತು. ಇತರ ಭಾರತೀಯ ಕಂಪನಿಗಳೂ ಸ್ಪರ್ಧೆಗೆ ಇಳಿದಂತೆ ಬೆಲೆ ಹಲವು ಪಟ್ಟು ಕುಸಿಯಿತು. ಸ್ಪರ್ಧೆ ಜೀವ ಉಳಿಸಿದ ಉದಾಹರಣೆ ಇದು.

ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ಈ ಲಸಿಕೆ 2007-08ರಲ್ಲಿ ಕರ್ನಾಟಕವೂ ಸೇರಿದಂತೆ ಹತ್ತು ರಾಜ್ಯಗಳಿಗೆ, 2011ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಇದರ ಅರ್ಥ ಸರಳ. ಅದಕ್ಕೂ ಮೊದಲು ಹುಟ್ಟಿದವರಿಗೆ ಶಿಶುವಾಗಿದ್ದಾಗ ಸರ್ಕಾರಿ ಲಸಿಕೆ ದೊರೆತಿಲ್ಲ. ಇಂದು ರಾಮನಗರದ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ, ಚನ್ನಪಟ್ಟಣದ ಬೊಂಬೆ ಕಾರ್ಯಾಗಾರಗಳಲ್ಲಿ, ಬಿಡದಿಯ ಕಾರ್ಖಾನೆಗಳಲ್ಲಿ, ಕನಕಪುರದ ಕಲ್ಲು ಗಣಿಗಳಲ್ಲಿ, ಮಾಗಡಿಯ ಅಂಗಡಿಗಳಲ್ಲಿ ದುಡಿಯುತ್ತಿರುವ ಬಹುಪಾಲು ಜನ ಆ ತಲೆಮಾರಿನವರು. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಪ್ರದೇಶದ ದುಡಿಮೆಯ ಬೆನ್ನೆಲುಬು ಅವರೇ.

ಪತ್ತೆಯಾದ ಮೇಲೆ ಏನು?

ರೇಷ್ಮೆ ಹುಳುವಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ರೋಗವಿರುವ ಚಿಟ್ಟೆಯ ಮೊಟ್ಟೆಗಳನ್ನು ಸುಡುತ್ತಾರೆ. ಸೋಂಕಿರುವ ರಕ್ತದ ಚೀಲವನ್ನೂ ನಾಶಪಡಿಸಬೇಕು. ಆದರೆ ಆ ರಕ್ತ ಕೊಟ್ಟ ಮನುಷ್ಯ ಮರುದಿನವೂ ಕೆಲಸಕ್ಕೆ ಬರಬೇಕಾದವನು. ಅವನಿಗೆ ದೊರೆಯಬೇಕಾದುದು ಗೌಪ್ಯ ಮಾಹಿತಿ, ಆಪ್ತಸಮಾಲೋಚನೆ, ಖಚಿತ ಪರೀಕ್ಷೆ ಮತ್ತು ಅಗತ್ಯವಿದ್ದರೆ ಚಿಕಿತ್ಸೆ. ಮೊದಲ ಪರೀಕ್ಷೆಯ ಫಲಿತಾಂಶವೇ ಅಂತಿಮ ತೀರ್ಪಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧ ಉಚಿತ. ಟೆನೊಫೊವಿರ್‌ನಂತಹ ಮಾತ್ರೆ ವೈರಾಣುವನ್ನು ಸಂಪೂರ್ಣ ನಿರ್ಮೂಲ ಮಾಡದಿದ್ದರೂ ಅದರ ಹೆಚ್ಚಳವನ್ನು ತಡೆದು ಯಕೃತ್ತನ್ನು ಕಾಪಾಡುತ್ತದೆ.

ಕಾರ್ಮಿಕ ಹೆದರುವುದು ಮಾತ್ರೆಗಲ್ಲ, ಕೆಲಸ ಹೋದೀತೆಂಬ ಭಯಕ್ಕೆ. ಎಚ್‌ಐವಿ ಸೋಂಕಿತರನ್ನು ಉದ್ಯೋಗದಲ್ಲಿ ತಾರತಮ್ಯದಿಂದ ರಕ್ಷಿಸಲು 2017ರ ಕಾಯಿದೆಯಿದೆ. ಹೆಪಟೈಟಿಸ್ ಬಿ ಸೋಂಕಿತರಿಗೆ ಅಂತಹ ಪ್ರತ್ಯೇಕ ಕಾಯಿದೆಯಿಲ್ಲ. ‘ಸೋಂಕಿತನನ್ನು ಇಟ್ಟುಕೊಂಡರೆ ಜೊತೆಯವರಿಗೂ ಹರಡುವುದಿಲ್ಲವೇ, ಕ್ಯಾಂಟೀನಿನಲ್ಲಿ ಊಟ ಮಾಡುವವರ ಗತಿಯೇನು?’ ಎಂಬ ಆತಂಕವನ್ನು ಮಾಲೀಕರು ವ್ಯಕ್ತಪಡಿಸುವುದುಂಟು. ಆತಂಕ ಸಹಜ, ಆದರೆ ಆಧಾರವಿಲ್ಲದ್ದು. ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ, ಕೈ ಕುಲುಕುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ, ಪಕ್ಕದ ಯಂತ್ರದಲ್ಲಿ ದುಡಿಯುವುದರಿಂದ ಇದು ಹರಡುವುದಿಲ್ಲ. ಗಾಯವಾದಾಗ ರಕ್ತಕ್ಕೆ ಬರಿಗೈ ತಾಗಿಸದಿರುವ ನಿಯಮ ಎಲ್ಲರ ವಿಷಯದಲ್ಲೂ ಪಾಲನೆಯಾಗಬೇಕಾದದ್ದು, ಏಕೆಂದರೆ ಯಾರಿಗೆ ಸೋಂಕಿದೆಯೆಂಬುದು ಬಹುಮಟ್ಟಿಗೆ ಅವರಿಗೇ ತಿಳಿದಿರುವುದಿಲ್ಲ. ಚಿಕಿತ್ಸೆಯ ವೆಚ್ಚದ ಪ್ರಶ್ನೆಗೂ ಉತ್ತರವಿದೆ: ತಡವಾಗಿ ಪತ್ತೆಯಾದ ಸಿರೋಸಿಸ್ ನುರಿತ ಕೆಲಸಗಾರನನ್ನೇ ಕಸಿಯುತ್ತದೆ, ಬೇಗ ಪತ್ತೆಯಾದ ಸೋಂಕು ದಿನಕ್ಕೊಂದು ಮಾತ್ರೆಯಿಂದ ಹತೋಟಿಯಲ್ಲಿರುತ್ತದೆ. ಹಾಗೆಂದು ಕೆಲಸ ಕೊಡುವ ಮುನ್ನ ಎಲ್ಲರಿಗೂ ಪರೀಕ್ಷೆ ಕಡ್ಡಾಯಗೊಳಿಸುವುದು ಪರಿಹಾರವಲ್ಲ. ಅದು ಸೋಂಕನ್ನು ಹೊರಹಾಕುವುದಿಲ್ಲ, ಸೋಂಕಿತನನ್ನು ಮಾತ್ರ ಕತ್ತಲಿಗೆ ದೂಡುತ್ತದೆ.

ಮಾಡಬೇಕಾದ ಕಾರ್ಯಗಳು

ಈ ಹಿನ್ನೆಲೆಯಲ್ಲಿ ವಾಣಿಜ್ಯ ಸಂಸ್ಥೆಗಳು ಕೆಲವು ನಿರ್ದಿಷ್ಟ ಹೆಜ್ಜೆಗಳನ್ನು ಇಡಬಹುದು. ಮೊದಲನೆಯದು, ರಕ್ತದಾನ ಶಿಬಿರಕ್ಕೆ ಪ್ರಾಯೋಜಕರಾಗುವವರು ಶಾಮಿಯಾನ, ಹಣ್ಣಿನ ರಸಗಳಿಗೆ ಹಣ ಕೊಟ್ಟು ನಿಲ್ಲದೆ, ಸೋಂಕು ಕಂಡುಬಂದ ದಾನಿಗೆ ಗೌಪ್ಯವಾಗಿ ತಿಳಿಸಿ ಮುಂದಿನ ಪರೀಕ್ಷೆಗೆ ಕಳುಹಿಸುವ ಏರ್ಪಾಡು ರಕ್ತಕೇಂದ್ರದಲ್ಲಿ ಇದೆಯೇ ಎಂದು ಮೊದಲೇ ಕೇಳಬೇಕು. ಎರಡನೆಯದು, ಆ ಫಲಿತಾಂಶ ಮಾಲೀಕರ ಕಚೇರಿಗೆ ಬರಬಾರದು. ಬಂದರೆ ಮುಂದಿನ ಶಿಬಿರದಲ್ಲಿ ಸತ್ಯ ಹೇಳುವವರು ಇರುವುದಿಲ್ಲ. ಮೂರನೆಯದು, ಆಸ್ಪತ್ರೆ ಸ್ವಚ್ಛತಾ ಸಿಬ್ಬಂದಿ, ಪ್ರಯೋಗಾಲಯದ ತಂತ್ರಜ್ಞರು, ಆಂಬ್ಯುಲೆನ್ಸ್ ಚಾಲಕರು, ತ್ಯಾಜ್ಯ ವಿಂಗಡಿಸುವವರು ಮೊದಲಾಗಿ ರಕ್ತದ ಸಂಪರ್ಕಕ್ಕೆ ಬರುವ ದುಡಿಮೆಗಾರರಿಗೆ ಸೊನ್ನೆ, ಒಂದು ಮತ್ತು ಆರನೆಯ ತಿಂಗಳಿನ ಮೂರು ಡೋಸು ಲಸಿಕೆಯನ್ನು ಉದ್ಯಮಗಳೇ ಭರಿಸಬಹುದು. 2013ರ ಕಂಪನಿ ಕಾಯಿದೆಯ ಏಳನೆಯ ಅನುಸೂಚಿಯು ರೋಗ ತಡೆಯ ಆರೋಗ್ಯ ಸೇವೆಯನ್ನು ಸಾಮಾಜಿಕ ಹೊಣೆಗಾರಿಕೆಯ ವೆಚ್ಚವೆಂದು ಸ್ಪಷ್ಟವಾಗಿ ಒಪ್ಪುತ್ತದೆ. ನಾಲ್ಕನೆಯದು, ಕ್ಷೌರದ ಅಂಗಡಿಗಳ ಸಂಘಗಳೊಡನೆ ಸೇರಿ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಬಳಸುವ ರೂಢಿಯನ್ನು ಉತ್ತೇಜಿಸಬಹುದು. ಐದನೆಯದು, ಗರ್ಭಿಣಿಯಾದ ಕಾರ್ಮಿಕ ಮಹಿಳೆಗೆ ಈ ಪರೀಕ್ಷೆ ಮಾಡಿಸಿಕೊಳ್ಳಲು ಸಂಬಳ ಸಹಿತ ಸಮಯ ಕೊಡಬೇಕು. ಸೋಂಕಿತ ಶಿಶುಗಳಲ್ಲಿ ಹತ್ತಕ್ಕೆ ಒಂಬತ್ತು ಮಕ್ಕಳಿಗೆ ಅದು ಜೀವನಪೂರ್ತಿ ಉಳಿಯುತ್ತದೆ. ಆದರೆ ಹುಟ್ಟಿದ 24 ಗಂಟೆಯೊಳಗೆ ನೀಡುವ ಲಸಿಕೆ ಆ ಸರಪಳಿಯನ್ನು ತುಂಡರಿಸಬಲ್ಲದು.

ಇವಕ್ಕೆ ಹೊಸ ಕಾನೂನಾಗಲಿ, ದೊಡ್ಡ ಬಂಡವಾಳವಾಗಲಿ ಬೇಕಿಲ್ಲ. ತಾಯಿ ಚಿಟ್ಟೆಯನ್ನು ಪರೀಕ್ಷಿಸಿ ಬೆಳೆ ಉಳಿಸಿಕೊಳ್ಳುವುದನ್ನು ಕಲಿತ ಸೀಮೆಗೆ, ಮನುಷ್ಯನನ್ನು ಪರೀಕ್ಷಿಸಿ ಆ ಮನುಷ್ಯನನ್ನೂ ಉಳಿಸಿಕೊಳ್ಳುವುದು ಅಸಾಧ್ಯವಾದ ಕೆಲಸವಲ್ಲ. ಮುಂದಿನ ರಕ್ತದಾನ ಶಿಬಿರದ ಯೋಜನೆ ರೂಪಿಸುವಾಗಲೇ ಈ ಕಾರ್ಯಕ್ಕೆ ನಾಂದಿ ಹಾಡುವುದು ಉದ್ಯಮ ವಲಯದ ಕರ್ತವ್ಯವಾಗಿದೆ.